ಕಾರ್ಮಿಕ ಸಲಹಾ ಯೋಜನೆಗಳ ಇತಿಹಾಸ

ಕೆಲಸ ಮಾಡುವವರೇ ಆ ಕೆಲಸವನ್ನು ಸುಧಾರಿಸುವ ದಾರಿ ಹೇಳಬೇಕು, ಸಂಸ್ಥೆ ಅದನ್ನು ಪರಿಶೀಲಿಸಿ ಉತ್ತರಿಸಬೇಕು ಎಂಬ ಉದ್ದೇಶದಿಂದ ರೂಪುಗೊಂಡ ವ್ಯವಸ್ಥೆ. ಸಲಹಾ ಪೆಟ್ಟಿಗೆ, ಬಹುಮಾನ ಸಮಿತಿ, ಕ್ವಾಲಿಟಿ ಸರ್ಕಲ್ ಇದರ ಮುಖ್ಯ ರೂಪಗಳು.

ಮೊದಲನೆಯದು ಯಾವುದು ಎಂಬ ವಿಚಾರದಲ್ಲಿ ಆಕರಗಳು ಒಂದೇ ಮಾತು ಹೇಳುವುದಿಲ್ಲ. ಜಪಾನಿನ ಶೋಗನ್ ತೊಕುಗಾವಾ ಯೊಶಿಮುನೆ 1721ರಲ್ಲಿ ಎದೊ ನಗರದಲ್ಲಿ ಇಡಿಸಿದ ಪೆಟ್ಟಿಗೆಯನ್ನು ಹಲವರು ಮೂಲವೆಂದು ಹೆಸರಿಸುತ್ತಾರೆ. ಅದು ಪ್ರಜೆಗಳ ಅಹವಾಲಿಗೆ ಇಟ್ಟದ್ದು. ಬಡವರಿಗಾಗಿ ಕೊಯಿಶಿಕಾವಾದಲ್ಲಿ ಚಿಕಿತ್ಸಾಲಯ ತೆರೆದದ್ದು ಆ ಪೆಟ್ಟಿಗೆಗೆ ವೈದ್ಯನೊಬ್ಬ ಹಾಕಿದ ಪತ್ರದಿಂದ. ಆಡಳಿತದ ಚರಿತ್ರೆಯಲ್ಲಿ ಅದರ ಸ್ಥಾನ ದೊಡ್ಡದು, ಆದರೆ ಕಾರ್ಖಾನೆಯ ಚರಿತ್ರೆಗೆ ಅದನ್ನು ಸೇರಿಸುವುದು ಸರಿಯಲ್ಲ. ಅಮೆರಿಕದಲ್ಲಿ 1898ರ ಕೊಡಾಕ್ ಯೋಜನೆಯೇ ಮೊದಲನೆಯದು ಎಂಬ ಮಾತೂ ನಿಲ್ಲುವುದಿಲ್ಲ. ಡೇಟನ್ನಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ಜಾನ್ ಪ್ಯಾಟರ್ಸನ್ 1894ರಲ್ಲೇ ಇಂಥದನ್ನು ಆರಂಭಿಸಿದ್ದ. ಇವೆರಡಕ್ಕೂ ಹಿಂದಿನದು ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿದ್ದ ಡೆನ್ನಿ ಹಡಗುಕಟ್ಟೆಯ 1880ರ ಯೋಜನೆ. ಹೊಸ ಉಪಕರಣ ಕಂಡುಹಿಡಿದವರಿಗೆ ಮಾತ್ರವಲ್ಲ, ಇರುವ ಯಂತ್ರವನ್ನು ಬೇರೊಂದು ಕೆಲಸಕ್ಕೆ ಒಗ್ಗಿಸಿದವರಿಗೆ, ಅಪಘಾತ ತಪ್ಪಿಸುವ ಉಪಾಯ ಹೇಳಿದವರಿಗೆ, ಸಾಮಗ್ರಿ ಪೋಲಾಗುವುದನ್ನು ತಡೆದವರಿಗೂ ಅಲ್ಲಿನ ಸಮಿತಿ ಬಹುಮಾನ ಕೊಡುತ್ತಿತ್ತು.

ಟೊಯೊಟಾದ ಸಲಹಾ ಪದ್ಧತಿ ಅಪ್ಪಟ ಜಪಾನಿ ಎಂಬ ನಂಬಿಕೆಯನ್ನೂ ತಿದ್ದಬೇಕಾಗಿದೆ. 1950ರಲ್ಲಿ ಅಮೆರಿಕದ ಫೋರ್ಡ್ ಕಾರ್ಖಾನೆ ನೋಡಿ ಬಂದ ಕಂಪನಿಯ ಅಧಿಕಾರಿಗಳಾದ ಐಜಿ ಟೊಯೊಡಾ ಮತ್ತು ಶೋಇಚಿ ಸೈತೊ ಅಲ್ಲಿನ ಮಾದರಿಯಲ್ಲಿ 1951ರಲ್ಲಿ ಅದನ್ನು ಜಾರಿಗೆ ತಂದರು.

ನಿಜವಾದ ತಿರುವು 1962ರದು. ಅಲ್ಲಿಯವರೆಗೆ ಸಲಹೆ ಒಬ್ಬೊಬ್ಬರದೇ ಆಗಿತ್ತು. ಚೀಟಿ ಪೆಟ್ಟಿಗೆಗೆ ಬಿದ್ದ ಮೇಲೆ ವಿಷಯ ಬರೆದವರ ಕೈತಪ್ಪುತ್ತಿತ್ತು. ಆ ವರ್ಷ ಜಪಾನಿನ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟ ಫೋರ್‌ಮನ್‌ಗಳಿಗಾಗಿ ಒಂದು ಪತ್ರಿಕೆ ಆರಂಭಿಸಿ, ಅದನ್ನು ಕೆಲಸದ ಜಾಗದಲ್ಲೇ ಕೂಡಿ ಓದಲು ಸಣ್ಣ ಗುಂಪುಗಳನ್ನು ಕಟ್ಟಿಕೊಳ್ಳುವಂತೆ ಕರೆಕೊಟ್ಟಿತು. ಕವೊರು ಇಶಿಕಾವಾ ಈ ಯತ್ನದ ಮುಂದಾಳು. ಓದಿನ ಗುಂಪುಗಳೇ ಕ್ವಾಲಿಟಿ ಸರ್ಕಲ್‌ಗಳಾದವು. ಅಮೆರಿಕದಲ್ಲಿ 1974ರಲ್ಲಿ ಲಾಕ್‌ಹೀಡ್ ಇದನ್ನು ಅನುಸರಿಸಿತು. 1980ರ ದಶಕದಲ್ಲಿ ಅಲ್ಲಿ ಸಾವಿರಾರು ಸರ್ಕಲ್‌ಗಳು ಹುಟ್ಟಿ, ಬಹಳಷ್ಟು ಬೇಗನೇ ಕಣ್ಮರೆಯಾದವು.

ಭಾರತದ ವಿಚಾರಕ್ಕೆ ಬಂದರೆ ಎರಡು ಬೇರೆ ಎಳೆಗಳನ್ನು ಒಂದೇ ಎಂಬಂತೆ ಬರೆಯುವ ರೂಢಿಯಿದೆ. ಒಂದು, ಕಾನೂನು ಮತ್ತು ಸರ್ಕಾರಿ ಯೋಜನೆಗಳದು: 1947ರ ಕೈಗಾರಿಕಾ ವಿವಾದ ಕಾಯಿದೆಯಡಿಯ ವರ್ಕ್ಸ್ ಕಮಿಟಿ, 1975ರ ಶಾಪ್ ಕೌನ್ಸಿಲ್ ಯೋಜನೆ, ಆಡಳಿತದಲ್ಲಿ ಕಾರ್ಮಿಕರ ಪಾಲ್ಗೊಳ್ಳುವಿಕೆಯ ಬಗ್ಗೆ 1976ರಲ್ಲಿ ಸಂವಿಧಾನಕ್ಕೆ ಸೇರಿದ 43ಎ ವಿಧಿ. ಇಲ್ಲಿ ಕಾರ್ಮಿಕರು ಪ್ರತಿನಿಧಿಗಳ ಮೂಲಕ ಮಾತಾಡುತ್ತಾರೆ. ಇನ್ನೊಂದು, 1980ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಘಟಕದಲ್ಲಿ ಎಸ್. ಆರ್. ಉಡುಪ ಅವರ ಮುಂದಾಳತ್ವದಲ್ಲಿ ಆರಂಭವಾದ ಸರ್ಕಲ್. ಇಲ್ಲಿ ಮಾತಾಡುವವರು ಯಂತ್ರದ ಮುಂದೆ ನಿಂತವರೇ. 1982ರಲ್ಲಿ ಕ್ವಾಲಿಟಿ ಸರ್ಕಲ್ ಫೋರಂ ಆಫ್ ಇಂಡಿಯಾ ಸ್ಥಾಪನೆಯಾಯಿತು.

ಸರ್ಕಲ್ ನಡೆಯುವುದು ಹೀಗೆ: ಒಂದೇ ಸೆಕ್ಷನ್ನಿನ ಎಂಟು ಹತ್ತು ಮಂದಿ ಸ್ವಇಚ್ಛೆಯಿಂದ ಸೇರುತ್ತಾರೆ. ವಾರಕ್ಕೊಮ್ಮೆ ಸುಮಾರು ಒಂದು ಗಂಟೆ ಕೂರುತ್ತಾರೆ. ತಮ್ಮನ್ನು ಕಾಡುವ ತೊಂದರೆಗಳನ್ನೆಲ್ಲ ಪಟ್ಟಿಮಾಡಿ, ತಮ್ಮ ಕೈಯಲ್ಲೇ ಬಗೆಹರಿಯಬಲ್ಲದನ್ನು ಆರಿಸಿಕೊಳ್ಳುತ್ತಾರೆ. ಮೀನಿನ ಮುಳ್ಳಿನಂತೆ ಗೆರೆ ಎಳೆದು, ಆಳು, ಯಂತ್ರ, ಸಾಮಗ್ರಿ, ವಿಧಾನ ಎಂದು ಕಾರಣಗಳನ್ನು ಬಿಡಿಸಿ ಬರೆಯುತ್ತಾರೆ. ಅಂಕಿಅಂಶ ಕೂಡಿಸಿ ಪರಿಹಾರವನ್ನು ಪರೀಕ್ಷಿಸುತ್ತಾರೆ. ಕೊನೆಗೆ ಅಧಿಕಾರಿಗಳ ಎದುರು ತಾವೇ ನಿಂತು ವಿವರಿಸುತ್ತಾರೆ. ಸಮಸ್ಯೆಯನ್ನು ಆರಿಸುವ ಹಕ್ಕು ಅವರದೇ ಎಂಬುದು ಈ ಪದ್ಧತಿಯ ಜೀವಾಳ; ಮೇಲಿನಿಂದ ವಿಷಯ ಹಂಚಿದರೆ ಅದು ಮತ್ತೊಂದು ಡ್ಯೂಟಿಯಾಗುತ್ತದೆ. 1982ರಲ್ಲಿ ಕ್ವಾಲಿಟಿ ಸರ್ಕಲ್ ಫೋರಂ ಆಫ್ ಇಂಡಿಯಾ ಸ್ಥಾಪನೆಯಾಯಿತು.

ಸಂಬಳ, ಬೋನಸ್, ಬಡ್ತಿ, ಶಿಸ್ತುಕ್ರಮಗಳು ಸರ್ಕಲ್ಲಿನ ಚರ್ಚೆಗೆ ಸೇರುವುದಿಲ್ಲ. ಹೀಗಾಗಿ ಇದನ್ನು ಯೂನಿಯನ್ನಿಗೆ ಬದಲಿಯೆಂದು ಕಾಣುವುದು ತಪ್ಪು. ಯೂನಿಯನ್ನಿನ ಕೆಲಸ ಬೇರೆಯೇ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಟೊಯೊಟಾದ ಉತ್ಪಾದನಾ ಪದ್ಧತಿ ಕರ್ನಾಟಕಕ್ಕೆ ಬಂದದ್ದು ಟೊಯೊಟಾ ಕಿರ್ಲೋಸ್ಕರ್‌ನ ಬಿಡದಿ ಕಾರ್ಖಾನೆಯ ಮೂಲಕ; ಅಲ್ಲಿ 1999ರಲ್ಲಿ ಉತ್ಪಾದನೆ ಆರಂಭವಾಯಿತು. ಅದೇ ಕಾರ್ಖಾನೆಯಲ್ಲಿ 2020ರ ನವೆಂಬರಿನಿಂದ 2021ರ ಮಾರ್ಚ್‌ವರೆಗೆ ನಡೆದ ಮುಷ್ಕರ, ಲಾಕೌಟ್‌ಗಳಲ್ಲಿ ಕೆಲಸದ ಹೊರೆ ಹೆಚ್ಚಿದೆ ಎಂಬುದು ಯೂನಿಯನ್ನಿನ ದೂರುಗಳಲ್ಲೊಂದಾಗಿತ್ತು. ಆಡಳಿತವರ್ಗ ಅದನ್ನು ಒಪ್ಪಲಿಲ್ಲ.