ಹೆಸರು ಉಳಿದ ಕಲ್ಲುಗಳು

ನಿಮ್ಮ ಮುತ್ತಜ್ಜನ ತಂದೆಯ ಹೆಸರೇನೆಂದು ಯಾರಾದರೂ ಥಟ್ಟನೆ ಕೇಳಿದರೆ ಉತ್ತರ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಅಪ್ಪನ ಹೆಸರು ಗೊತ್ತು. ಅಜ್ಜನ ಹೆಸರು ಗೊತ್ತು, ಎಷ್ಟೋ ಮನೆಗಳಲ್ಲಿ ಅದೇ ಹೆಸರು ಮೊಮ್ಮಗನಿಗೂ ಬಂದಿರುತ್ತದೆ. ಮುತ್ತಜ್ಜನ ಹೆಸರು ಮನೆಯ ಹಿರಿಯರನ್ನು ವಿಚಾರಿಸಿದರೆ ಸಿಕ್ಕೀತು. ಅಲ್ಲಿಂದಾಚೆಗೆ ಕತ್ತಲೆ. ಇದು ಈ ಕಾಲದವರ ಮರೆವಿನ ಫಲವೆಂದು ನಮ್ಮನ್ನು ನಾವು ಬೈದುಕೊಳ್ಳಬೇಕಾದ್ದಿಲ್ಲ. ಹಿಂದಿನವರು ಹಾಕಿಕೊಟ್ಟ ಶ್ರಾದ್ಧದ ಕ್ರಮವೂ ಅಷ್ಟಕ್ಕೇ ನಿಲ್ಲುತ್ತದೆ. ತಂದೆ, ತಾತ, ಮುತ್ತಾತ, ಈ ಮೂವರಿಗೆ ಹೆಸರು ಹಿಡಿದು ಪಿಂಡವಿಡುವುದು. ಮನೆಯಲ್ಲಿ ಇನ್ನೊಬ್ಬರು ತೀರಿಕೊಂಡು ಸಪಿಂಡೀಕರಣವಾದೊಡನೆ ಸಾಲಿನ ತುದಿಯಲ್ಲಿದ್ದವರು ಒಂದು ಮೆಟ್ಟಿಲು ಆಚೆಗೆ ಸರಿಯುತ್ತಾರೆ. ಪಿಂಡ ಹಿಡಿದ ಕೈಗೆ ಅಂಟಿಕೊಂಡ ಅನ್ನದ ಲೇಪವಷ್ಟೇ ಅವರ ಪಾಲು. ಶಾಸ್ತ್ರದಲ್ಲಿ ಅವರಿಗೆ ಲೇಪಭಾಜರೆಂದೇ ಹೆಸರು. ಮರೆಯುವುದಕ್ಕೂ ಒಂದು ಮರ್ಯಾದೆಯ ಕ್ರಮವಿರಲೆಂದು ಬಗೆದ ಜನ ಅವರು.

ಆದರೆ ಈ ಕ್ರಮಕ್ಕೆ ಒಪ್ಪದ ದುಃಖಗಳೂ ಇದ್ದುವು. ಮಗ ತಂದೆಗೆ ಪಿಂಡವಿಡಬೇಕಾದ ಕಡೆ ತಂದೆಯೇ ಮಗನನ್ನು ಕಳೆದುಕೊಂಡರೆ? ಮಕ್ಕಳಿಲ್ಲದ ಹುಡುಗನೊಬ್ಬ ಊರ ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತರೆ? ಇಂಥ ಸಾವುಗಳಿಗೆ ಕನ್ನಡನಾಡು ಕಂಡುಕೊಂಡ ಉತ್ತರ ಕಲ್ಲು. ನಮ್ಮ ಶಾಸನಗಳೆಂದರೆ ರಾಜರ ಬಿರುದಾವಳಿ, ದಾನದತ್ತಿಗಳ ಲೆಕ್ಕ ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸರು 1886ರಿಂದ ಮೊದಲ್ಗೊಂಡು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಪ್ರಕಟಿಸಿದ ಸಾವಿರಾರು ಶಾಸನಗಳನ್ನು ರಾಜರನ್ನು ಬದಿಗಿಟ್ಟು ಓದಿ ನೋಡಬೇಕು. ಮನೆ ಮನೆಯ ಸಾವಿನ ಸುದ್ದಿ ಅಲ್ಲಿ ತುಂಬಿಕೊಂಡಿದೆ.

ವೀರಗಲ್ಲನ್ನು ನೋಡದ ಕನ್ನಡಿಗರಿರಲಾರರು. ನೋಡಿಯೂ ನಿಲ್ಲದೆ ಹೋದವರೇ ಹೆಚ್ಚು. ಸಾಮಾನ್ಯವಾಗಿ ಮೂರು ಹಂತದ ಚಿತ್ರ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವುದು, ಮೇಲೆ ಕೈಲಾಸದಲ್ಲಿ ಲಿಂಗದ ಎದುರು ಅವನು ಕುಳಿತಿರುವುದು, ತುದಿಯಲ್ಲಿ ಸೂರ್ಯಚಂದ್ರರು. ಸಾವಿನ ಕಾರಣಗಳಿಗೆ ಹಳಗನ್ನಡದಲ್ಲಿ ಒಂದೊಂದಕ್ಕೂ ಒಂದೊಂದು ಮಾತುಂಟು. ದನಗಳನ್ನು ಹಿಡಿದೊಯ್ಯುವುದು ತುರುಗೋಳು. ಹೆಂಗಸರ ಮಾನಕ್ಕೆ ಕೈಹಾಕುವುದು ಪೆಣ್ಬುಯ್ಯಲ್. ಊರನ್ನೇ ಹಾಳುಗೆಡಹುವುದು ಊರಳಿವು. ಈ ಮಾತುಗಳ ಪಟ್ಟಿಯೇ ಅಂದಿನ ಊರಿನ ಭಯಗಳ ಪಟ್ಟಿ.

ಕಲ್ಲಿನ ಜೊತೆಗೆ ಬರುವ ಇನ್ನೊಂದು ಮಾತು ನೆತ್ತರುಗೊಡಗೆ. ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ಅದು. ಹರಿದ ನೆತ್ತರಿಗೆ ಕೊಟ್ಟ ಕೊಡುಗೆ. ಇದಕ್ಕೆ ಹತ್ತಿರದ ಇನ್ನೊಂದು ಪದ ಬಾಳ್ಗಳ್ಚು, ಎಂದರೆ ಕತ್ತಿ ತೊಳೆಯುವುದು. ಪರಾಕ್ರಮ ತೋರಿದವನಿಗೆ ಕತ್ತಿ ತೊಳೆದು ಕೊಡುತ್ತಿದ್ದ ಭೂಮಿ. ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ, ಸುಮಾರು 450ರ ಕಾಲದ್ದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲೇ ಈ ಪದ ಕಾಣಿಸಿಕೊಳ್ಳುತ್ತದೆ. ಕನ್ನಡವು ಕಲ್ಲಿನ ಮೇಲೆ ಮಾತನಾಡಲು ಕಲಿತ ಹೊತ್ತಿಗೇ ಯುದ್ಧದ ಋಣವನ್ನು ಬರೆದಿಡಲು ಅದಕ್ಕೆ ತನ್ನದೇ ಪದವಿತ್ತು. ಹೊಗಳಿಕೆಗಿಂತ ಈ ನೆತ್ತರುಗೊಡಗೆಯ ಮಾತು ನಮ್ಮ ಮನಸ್ಸನ್ನು ಹೆಚ್ಚು ಹಿಡಿಯುತ್ತದೆ. ಸ್ವರ್ಗದಲ್ಲಿ ವೀರನಿಗೆ ಅಪ್ಸರೆಯರಿದ್ದರು ಸರಿ. ಇಲ್ಲಿ ಅವನ ಮಕ್ಕಳಿಗೆ ರಾಗಿಯಾಗಬೇಕಲ್ಲ!

ಬೆಂಗಳೂರಿನವರು ತಮ್ಮ ಊರಿನ ಹೆಸರಿನ ಕಥೆಯನ್ನು ಸಂತೋಷವಾಗಿ ಹೇಳುತ್ತಾರೆ. ಹೊಯ್ಸಳ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದನಂತೆ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳಂತೆ, ಅದರಿಂದ ಬೆಂದಕಾಳೂರಾಯಿತಂತೆ. ಕಥೆ ರುಚಿಯಾಗಿದೆ. ಆದರೆ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ. ಅದಕ್ಕೆ ಸುಮಾರು ಮುನ್ನೂರು ವರ್ಷ ಹಿಂದೆಯೇ, ಗಂಗರ ಕಾಲದಲ್ಲಿ, ಕ್ರಿ. ಶ. 890ರ ಸುಮಾರಿನದೆಂದು ಹೇಳಲಾಗುವ ಬೇಗೂರಿನ ಕಲ್ಲೊಂದರಲ್ಲಿ ಬೆಂಗಳೂರಿನ ಹೆಸರಿದೆ. ಹೇಗೆ ಬಂದಿದೆಯೆಂಬುದನ್ನು ಗಮನಿಸಬೇಕು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿಯೂ ಅವನ ಮನೆಯಾಳು ಪೆರ್ವೊಣಸೆಟ್ಟಿಯೂ ಸತ್ತರೆಂಬುದು ಶಾಸನತಜ್ಞರು ಓದಿರುವ ಅರ್ಥ. ಅಷ್ಟೇ ಮಾತು. ಯಾರ ಮೇಲೆ ಕಾಳಗ, ಯಾರು ಗೆದ್ದರು, ಒಂದೂ ಇಲ್ಲ. ಕೋಟಿ ಜನರು ವಾಸಿಸುವ ನಗರದ ಹೆಸರು ಬರಹದಲ್ಲಿ ಮೊದಲು ಉಳಿದದ್ದು ಒಂದು ಮನೆಯ ಸಾವಿನ ವಾರ್ತೆಯಲ್ಲಿ. ಮಗನ ಹೆಸರಿನ ಜೊತೆಗೆ ಆಳಿನ ಹೆಸರೂ ಸೇರಿಕೊಂಡು.

ಈ ನಾಗತ್ತರನೆಂಬ ಹೆಸರಿನದೂ ಒಂದು ಕಥೆ. ಬೇಗೂರಿನದೇ ಆದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಇನ್ನೊಂದು ದೊಡ್ಡ ಕಲ್ಲಿನಲ್ಲಿ ಆನೆಕುದುರೆಗಳ ಯುದ್ಧದ ಚಿತ್ರ ತುಂಬಿದೆ. ಗಂಗದೊರೆ ಎರೆಯಪ್ಪನ ಅಪ್ಪಣೆಯಂತೆ ಅಯ್ಯಪದೇವನಿಗೆ ನೆರವಾಗಿ ಹೋದ ನಾಗತ್ತರ, ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ಕಾದಿ ಮಡಿದನೆಂದು ಅದು ಹೇಳುತ್ತದೆ. ಆಮೇಲೆ ಎರೆಯಪ್ಪ ಇರುಗನೆಂಬವನಿಗೆ ‘ನಾಗತ್ತರ’ನೆಂಬ ಪಟ್ಟವನ್ನೇ ಕಟ್ಟಿ ಬೆಂಪೂರು ಹನ್ನೆರಡು ಹಳ್ಳಿಗಳನ್ನು ಕೊಟ್ಟನಂತೆ. ಸತ್ತವನ ಹೆಸರನ್ನು ಬದುಕಿರುವವನ ಹಣೆಗೆ ಕಟ್ಟುವುದೆಂದರೆ ಇದು. ನಾವು ತಾತನ ಹೆಸರನ್ನು ಮೊಮ್ಮಗನಿಗೆ ಇಡುವಾಗ ಮಾಡುವುದೂ ಇದೇ ಕೆಲಸವಲ್ಲವೆ? ಹೆಸರು ಒಬ್ಬನ ಸ್ವಂತದ ಸ್ವತ್ತೋ, ಮನೆಯ ಆಸ್ತಿಯೋ ಎಂಬ ಪ್ರಶ್ನೆ ಇಂದಿಗೂ ತೀರಿಲ್ಲ. ಊರಿನ ಹೆಸರು, ತಂದೆಯ ಹೆಸರು, ಎರಡನ್ನೂ ಮೊದಲಕ್ಷರಗಳಾಗಿ ಹೊತ್ತುಕೊಂಡು ತಿರುಗುವ ನಾವು, ಪಾಸ್‌ಪೋರ್ಟಿನ ಅರ್ಜಿಯಲ್ಲಿ ‘ಮನೆತನದ ಹೆಸರು’ ಎಂಬ ಕಾಲಮ್ಮಿನ ಮುಂದೆ ಪೆನ್ನು ಹಿಡಿದು ಕೂತಾಗ ಆ ಪ್ರಶ್ನೆ ಮತ್ತೆ ಏಳುತ್ತದೆ.

ಅದೇ ವಸ್ತುಸಂಗ್ರಹಾಲಯದಲ್ಲಿ ಒಂದು ನಾಯಿಯ ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನದು, ಕಾಲ 949–50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಈ ಕಲ್ಲಿನಲ್ಲಿರುವುದರಿಂದ ಚರಿತ್ರಕಾರರಿಗೆ ಇದು ಬಹು ಬೆಲೆಯ ಶಾಸನ. ಆದರೆ ಕಲ್ಲನ್ನು ನಿಲ್ಲಿಸಿದ್ದು ಆ ಕಾರಣಕ್ಕಲ್ಲ. ಯುದ್ಧದಲ್ಲಿ ಮೆರೆದ ಮಣಲೆರನಿಗೆ ಬೇಕಾದ್ದನ್ನು ಕೇಳೆಂದು ಒಡೆಯ ಹೇಳಿದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಬೆಳತೂರಿನ ಪಡುವಣ ಬೆಟ್ಟದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಒಟ್ಟಿಗೆ ಸತ್ತುವು. ಅದಕ್ಕಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಭೂಮಿ ಬಿಟ್ಟರು. ಗುಡಿಯ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿಯ ಪಾಪಕ್ಕೆ ಗುರಿಯಾದಾನೆಂಬ ಕಟ್ಟಳೆಯೂ ಉಂಟು. ದೊಡ್ಡ ದೊರೆಗಳ ಯುದ್ಧ ಇಲ್ಲಿ ಪೀಠಿಕೆ. ನಾಯಿಯ ಸಾವು ವಿಷಯ. ಸಾಕಿದ ನಾಯಿ ಸತ್ತ ದಿನ ಅನ್ನ ಇಳಿಯದವರು ಈ ಕಟ್ಟಳೆಯನ್ನು ಓದಿ ನಗಲಾರರು.

ಇನ್ನು ಹೆಂಗಸರ ಮಾತು. ಮಾಸ್ತಿ ಎಂಬುದು ಮಹಾಸತಿ ಎಂಬುದರ ತದ್ಭವ. ಕಂಬದಿಂದ ಚಾಚಿದ, ಬಳೆ ತೊಟ್ಟ ಒಂದು ತೋಳು. ಇದು ಮಾಸ್ತಿಕಲ್ಲಿನ ಗುರುತು. ಇವುಗಳ ಮುಂದೆ ನಿಂತಾಗ ಕೈಮುಗಿಯಬೇಕೋ ತಲೆ ತಗ್ಗಿಸಬೇಕೋ ತಿಳಿಯದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿರುವ 1057ರ ಶಾಸನ ದೇಕಬ್ಬೆಯದು. ಈಕೆ ನುಗುನಾಡಿನ ಒಡೆಯ ರವಿಗನ ಮಗಳು; ನವಿಲೆನಾಡಿನ ಏಚನ ಹೆಂಡತಿ. ಏಚ ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದ ತಪ್ಪಿಗೆ ತಲಕಾಡಿನಲ್ಲಿ ಚೋಳದೊರೆಯ ಆಜ್ಞೆಯಿಂದ ಕೊಲ್ಲಿಸಲ್ಪಟ್ಟ. ಸುದ್ದಿ ಬಂದಾಗ ದೇಕಬ್ಬೆ ಬೆಂಕಿಗೆ ಹೊರಟಳು. ಇಂಥವಳ ಮಗಳು, ಇಂಥವನ ಹೆಂಡತಿ ಎಂಬ ಎರಡು ಮನೆಗಳ ಹೆಸರು ಅವಳ ನಡುವೆ ನಿಂತಿದ್ದುವು. ಬದುಕಿ ಅವುಗಳಿಗೆ ಕುಂದು ತರಲಾರೆನೆಂಬುದು ಅವಳ ಮಾತಿನ ತಾತ್ಪರ್ಯ.

ಶಾಸನಕವಿ ಅವಳನ್ನು ಹೊಗಳಿದ್ದಾನೆ. ನಾವು ಹೊಗಳಬೇಕಾದ್ದಿಲ್ಲ, 1829ರಲ್ಲಿ ಬಂಗಾಳದಲ್ಲಿ ಬೆಂಟಿಂಕನ ಕಾಯಿದೆ ಈ ಪದ್ಧತಿಯನ್ನು ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಆದರೆ ಅದೇ ಶಾಸನದಲ್ಲಿ ಇನ್ನೊಂದು ಸಂಗತಿ ಉಳಿದುಕೊಂಡಿದೆ. ತಂದೆತಾಯಿ ಬಂಧುಗಳು ಬೇಡವೆಂದು ಅವಳನ್ನು ತಡೆದರು, ಬೇಡಿಕೊಂಡರು. ಹೊಗಳಿಕೆಯ ಪದ್ಯಗಳ ನಡುವೆ ಈ ‘ಬೇಡ’ ಎಂಬ ಮಾತಿಗೆ ಎಡೆ ಸಿಕ್ಕಿದ್ದು ಹೇಗೆ? ಅವಳ ಮನದ ದಾರ್ಢ್ಯವನ್ನು ತೋರಿಸಲೆಂದು ಕವಿ ಅದನ್ನು ಸೇರಿಸಿರಬಹುದು. ಕಾರಣ ಏನೇ ಇರಲಿ, ಆ ಕಾಲದ ತಂದೆತಾಯಿಗಳು ಮಗಳು ಬೆಂಕಿಗೆ ಬೀಳುವುದನ್ನು ಕಂಡು ಹಿಗ್ಗಿದರೆಂದು ಹೇಳುವವರಿಗೆ ಬೆಳತೂರಿನ ಕಲ್ಲು ಸಾವಿರ ವರ್ಷದ ಹಿಂದಿನ ಉತ್ತರ.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಶಾಂತಲೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯಿದೆ. ಹೊಯ್ಸಳ ವಿಷ್ಣುವರ್ಧನನ ಈ ರಾಣಿಯ ಸಾವಿನ ಬಗ್ಗೆ ಕಾದಂಬರಿಗಳೂ ಊಹೆಗಳೂ ಹುಟ್ಟಿವೆ. ಶಾಸನ ಹೇಳುವುದು ಸಂಕ್ಷೇಪವಾಗಿ: 1131ರಲ್ಲಿ ಶಿವಗಂಗೆಯಲ್ಲಿ ಆಕೆ ಕಾಲವಾದಳು. ಅದೇ ಶಾಸನ ಅವಳ ತಾಯಿ ಮಾಚಿಕಬ್ಬೆಯ ವಿಷಯವನ್ನು ಹೆಚ್ಚು ವಿಸ್ತಾರವಾಗಿ ಹೇಳುತ್ತದೆ. ಮಗಳು ಹೋದ ಮೇಲೆ ತಾನಿನ್ನು ಉಳಿಯಲಾರೆನೆಂದು ಆಕೆ ಬೆಳಗೊಳಕ್ಕೆ ಬಂದು, ಬಂಧುಗಳನ್ನು ಬೀಳ್ಕೊಟ್ಟು, ಒಂದು ತಿಂಗಳು ಉಪವಾಸವಿದ್ದು ಸಂನ್ಯಸನ ವಿಧಿಯಿಂದ ದೇಹ ಬಿಟ್ಟಳು. ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಜಿನಭಕ್ತೆ. ಒಂದೇ ಮನೆಯಲ್ಲಿ ಎರಡು ದೇವರು. ಆದರೆ ಕಳೆದುಹೋದ ಮಗಳು ಒಬ್ಬಳೇ. ವ್ರತದ ಭಾಷೆಯನ್ನು ತೆಗೆದಿಟ್ಟು ನೋಡಿದರೆ ಇದು ಮಗಳ ಸಾವನ್ನು ತಡೆಯಲಾರದ ತಾಯಿಯ ವೃತ್ತಾಂತ.

ಇಷ್ಟೆಲ್ಲ ಹೆಸರುಗಳನ್ನು ಓದಿದ ಮೇಲೆ ಒಂದು ಕೊರತೆ ಮನಸ್ಸಿಗೆ ಕಾಣುತ್ತದೆ. ಕಾದಿ ಸತ್ತವನಿಗೆ ಕಲ್ಲುಂಟು, ಅವನೊಡನೆ ಬೆಂದವಳಿಗೆ ಕಲ್ಲುಂಟು, ಉಪವಾಸದಿಂದ ದೇಹ ಬಿಟ್ಟವರಿಗೆ ನಿಸಿದಿಯುಂಟು, ನಾಯಿಗೂ ಉಂಟು. ಬೆಂಕಿಗೆ ಬೀಳದೆ ಉಳಿದವಳಿಗೆ? ವೀರರ ಕಲ್ಲುಗಳು ಇಷ್ಟೊಂದಿವೆ. ಅವುಗಳ ಪಕ್ಕದಲ್ಲಿ ಮಾಸ್ತಿಕಲ್ಲುಗಳು ಅಷ್ಟಿಲ್ಲ. ಎಂದಮೇಲೆ ಹೆಚ್ಚಿನ ಹೆಂಗಸರು ಬದುಕಿಯೇ ಇದ್ದರು. ನೆತ್ತರುಗೊಡಗೆಯ ಹೊಲವನ್ನು ಉಳಿಸಿಕೊಂಡು, ದಾಯಾದಿಗಳ ಬಾಯಿಗೆ ಉತ್ತರ ಕೊಟ್ಟು, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದರು. ಕಲ್ಲಿನ ಕೆಳಗೆ ಬರೆದ ಭೂಮಿಯ ಅಳತೆಯಲ್ಲಿ ಅವರ ಬಾಳು ಅಡಗಿದೆ. ಹೆಸರು ಮಾತ್ರ ಇಲ್ಲ. ನಾವು ಯಾರ ಸಂತತಿ ಎಂದು ಕೇಳಿದರೆ ವೀರರ ಹೆಸರು ಹೇಳಲು ನಾಲಿಗೆ ಮುಂದಾಗುತ್ತದೆ. ಆದರೆ ಸಂತತಿ ನಡೆದದ್ದು ಉಳಿದವರಿಂದ.

ಕಲ್ಲುಗಳಾದರೂ ಎಲ್ಲ ಉಳಿದಿವೆಯೆ? ಎಷ್ಟೋ ಮೋರಿಗೆ ಹಾಸಾದುವು, ಬಟ್ಟೆ ಒಗೆಯುವ ಬಂಡೆಯಾದುವು, ಮನೆಯ ಮೆಟ್ಟಿಲಾದುವು. ಕೆಲವು ಮತ್ತೆ ಸಿಗುವುದೂ ಉಂಟು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಗಂಗ ಶ್ರೀಪುರುಷನ ಕಾಲದ, ಸುಮಾರು 750ರದೆಂದು ಹೇಳಲಾದ ಕಲ್ಲು ದೊರೆಯಿತು. ಕಾಳಗದಲ್ಲಿ ಮಡಿದ ಕಿಟ್ಟಯ್ಯನೆಂಬವನದು. ಊರಿನವರು ಅದನ್ನು ಎತ್ತಿ ನಿಲ್ಲಿಸಿದರು. ಹೆಬ್ಬಾಳದಲ್ಲಿ ಕಿಟ್ಟಯ್ಯ ಈಗ ಮತ್ತೆ ಊರಿನವನು.

ಕಲ್ಲು ನಿಲ್ಲಿಸುವ ಶಕ್ತಿ ನಮಗಿಲ್ಲದಿದ್ದರೂ ಕಾಗದ ಪೆನ್ಸಿಲು ಎಲ್ಲರ ಮನೆಯಲ್ಲೂ ಇರುತ್ತವೆ. ಮನೆಯ ಹಿರಿಯರ ಬಳಿ ಕುಳಿತು ಕೇಳಿದರೆ ಗಂಡಸರ ಸಾಲು ಬೇಗ ಮುಗಿಯುತ್ತದೆ. ಆಮೇಲೆ ಮುತ್ತಜ್ಜಿಯ ಹೆಸರು ಕೇಳಬೇಕು. ಅವಳ ತಾಯಿಯ ಹೆಸರು, ಅವಳು ಹುಟ್ಟಿದ ಊರು, ಗಂಡ ಹೋದ ಮೇಲೆ ಎಷ್ಟು ವರ್ಷ ಇದ್ದಳು, ಏನು ಮಾಡಿಕೊಂಡಿದ್ದಳು. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಬಹುದು. ಕಾಯುವುದು ಒಳ್ಳೆಯದು.