ಹಾಡಿಯ ಮಗುವೂ ಪಟ್ಟಣದ ಅಳತೆಗೋಲೂ

1800ನೆಯ ಇಸವಿಯ ಮೇ ತಿಂಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ನಮ್ಮ ಶ್ರೀರಂಗಪಟ್ಟಣಕ್ಕೆ ಬಂದನು. ಟಿಪ್ಪು ಸುಲ್ತಾನನು ಮಡಿದು ಆಗಿನ್ನೂ ಒಂದು ವರ್ಷ. ಹೊಸದಾಗಿ ಅಂಕೆಗೆ ಬಂದ ಸೀಮೆಯಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ವೆಲ್ಲೆಸ್ಲಿಯ ಆಜ್ಞೆಯಂತೆ ಬರೆದುಕೊಳ್ಳುವುದು ಆತನ ಕೆಲಸ. ಭತ್ತದ ಇಳುವರಿ, ಆಲೆಮನೆ, ಮಗ್ಗ, ಎತ್ತಿನ ಬೆಲೆ, ಯಾವುದನ್ನೂ ಆತ ಬಿಡಲಿಲ್ಲ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಪ್ರವಾಸ ಕಥನದಲ್ಲಿ ಕಾಡು ಕುರುಬರೂ ಸೋಲಿಗರೂ ಬರುತ್ತಾರೆ. ಕಾಡು ಕುರುಬರು ಬಲು ಬಡವರು, ಒರಟರು ಎನ್ನುತ್ತಾನೆ. ಸೋಲಿಗರು ಬೆಂಕಿಯ ಸುತ್ತ ಬಾಳೆಯೆಲೆಯನ್ನು ಹಾಸಿ, ಬಾಳೆಯೆಲೆಯನ್ನೇ ಹೊದ್ದು ಮಲಗುತ್ತಾರೆಂದು ಬರೆಯುತ್ತಾನೆ. ಕಂಡದ್ದನ್ನು ಬರೆದ ಪ್ರಾಮಾಣಿಕನೇ ಸರಿ. ಆದರೆ ಆತ ಕಂಡದ್ದೆಲ್ಲವೂ ಆ ಜನರಲ್ಲಿ ಏನಿಲ್ಲ ಎಂಬುದನ್ನೇ. ಬಟ್ಟೆಯಿಲ್ಲ, ನೇಗಿಲಿಲ್ಲ, ಹಣವಿಲ್ಲ. ಕಾಡಿನ ಜನರ ಮೌಲ್ಯಮಾಪನವು ನಮ್ಮ ಸೀಮೆಯಲ್ಲಿ ಹೀಗೆ 'ಇಲ್ಲ'ಗಳ ಪಟ್ಟಿಯಾಗಿ ಆರಂಭವಾಯಿತು. ನೂರು ವರ್ಷಗಳ ತರುವಾಯ ಎಡ್ಗರ್ ಥರ್ಸ್ಟನ್ ಅಳತೆಯ ಇಕ್ಕುಳ ಹಿಡಿದು ದಕ್ಷಿಣದ ಜನರ ತಲೆಯನ್ನೂ ಮೂಗನ್ನೂ ಅಳೆಯುತ್ತ ಹೋದನು. ಅಷ್ಟೇ ವ್ಯತ್ಯಾಸ.

ಬುದ್ಧಿಯನ್ನು ಅಳೆಯುವ ವಿದ್ಯೆ ಹುಟ್ಟಿದ್ದು 1905ರಲ್ಲಿ, ಪ್ಯಾರಿಸಿನ ಆಲ್ಫ್ರೆಡ್ ಬಿನೆಯಿಂದ. ಅದನ್ನು ನಮ್ಮ ಮಕ್ಕಳಿಗೆ ಹೊಂದಿಸುವ ಪ್ರಯತ್ನದಲ್ಲಿ ಕನ್ನಡ ನಾಡು ಹಿಂದೆ ಬೀಳಲಿಲ್ಲ ಎಂಬುದು ಹೆಮ್ಮೆಯ ಮಾತು. 1930ರ ದಶಕದಲ್ಲಿ ವಿ. ವಿ. ಕಾಮತರು ಧಾರವಾಡದ ಸೀಮೆಯಲ್ಲಿ ಬಿನೆಯ ಪ್ರಶ್ನೆಗಳನ್ನು ಕನ್ನಡಕ್ಕೂ ಮರಾಠಿಗೂ ತಂದು, ಇಲ್ಲಿಯ ಮಕ್ಕಳ ಮೇಲೆ ಪ್ರಯೋಗಿಸಿ ತಿದ್ದಿದರು. ಇತ್ತ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದು 1924ರಲ್ಲಿ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಬಿತ್ತರಿಸಿದವರೂ ಇವರೇ. ನನ್ನ ಈ ಮಾತು ನಿಮ್ಮ ಕಿವಿಗೆ ಮುಟ್ಟುವುದಕ್ಕೆ ಒಬ್ಬ ಮನಶ್ಶಾಸ್ತ್ರಜ್ಞರು ಕಾರಣರೆಂಬುದು ಪ್ರಾಸಂಗಿಕವಾಗಿ ನೆನಪಿಗೆ ಬಂದಿತು. ಅದಿರಲಿ. ಕಾಮತರು ಮಾಡಿದ್ದು ದೊಡ್ಡ ಕೆಲಸ. ಪ್ಯಾರಿಸಿನ ಮಗುವಿನ ಅಳತೆ ನಮ್ಮ ಮಗುವಿಗೆ ಸಲ್ಲದೆಂದು ಅವರು ಕಂಡುಕೊಂಡರು. ಆದರೆ ಅವರ ಅಳತೆಯಲ್ಲಿದ್ದ ಕನ್ನಡವೂ ಶಾಲೆಯ ಕನ್ನಡವೇ. ಸೋಲಿಗರ ಪೋಡಿನಲ್ಲಿ, ಜೇನು ಕುರುಬರ ಹಾಡಿಯಲ್ಲಿ ಮಗು ತಾಯ ಮಡಿಲಲ್ಲಿ ಕೇಳುವ ನುಡಿ ಬೇರೆ.

ಪ್ರಶ್ನೆಯನ್ನು ತಲೆಕೆಳಗು ಮಾಡಿ ಕೇಳಿದವರು ತಾರಾಬಾಯಿ ಮೋಡಕ್. 1945ರಲ್ಲಿ ಬೋರ್ಡಿಯಲ್ಲಿ, 1957ರಿಂದ ಕೋಸಬಾಡಿನಲ್ಲಿ, ಅನುತಾಯಿ ವಾಘ್ ಅವರೊಡನೆ ಮಕ್ಕಳ ಶಾಲೆ ನಡೆಸಿದರು. ವಾರ್ಲಿಗಳ ಮಕ್ಕಳು ಶಾಲೆಗೆ ಬಾರದಿದ್ದಾಗ, ಆ ಮಕ್ಕಳು ಅನರ್ಹರೆಂದು ಅವರು ತೀರ್ಮಾನಿಸಲಿಲ್ಲ. ಶಾಲೆಯನ್ನೇ ಮಕ್ಕಳ ಮನೆಯಂಗಳಕ್ಕೆ ಕೊಂಡೊಯ್ದರು. ಕಲ್ಲು, ಕಪ್ಪೆಚಿಪ್ಪು, ಎಲೆ ಇವೇ ಪಾಠದ ಸಾಮಗ್ರಿಗಳಾದವು. 'ಅಂಗನವಾಡಿ' ಎಂಬ ಹೆಸರು ಬಂದದ್ದು ಅಲ್ಲಿಂದ. ಮಗುವಿನ ಗೈರುಹಾಜರಿಯು ಶಾಲೆಗೆ ಬಿದ್ದ ಅಂಕವೇ ಹೊರತು ಮಗುವಿಗೆ ಬಿದ್ದದ್ದಲ್ಲ ಎಂಬ ಈ ತಿಳಿವು, ಹೆಸರಿನೊಡನೆ ಸರ್ಕಾರಿ ಕಡತಕ್ಕೆ ಹೋಗಲಿಲ್ಲವೆಂದು ನನಗೆ ತೋರುತ್ತದೆ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ನಮ್ಮ ಪಟ್ಟಣವನ್ನು ಬಳಸಿ ಹೋದ ಕಾವೇರಿ ಅಲ್ಲಿ ಕಪಿಲೆಯನ್ನು ಕೂಡುತ್ತಾಳೆ. ಕಪಿಲೆ ಬರುವುದು ಹೆಗ್ಗಡದೇವನಕೋಟೆಯ ಕಾಡಿನ ಕಡೆಯಿಂದ. ಅಂಗನವಾಡಿಯು ಮುಂದೆ ಆ ನೀರಿಗೆದುರಾಗಿ ನಡೆದು ಹಾಡಿಗಳನ್ನು ಮುಟ್ಟಿತು. ಜೊತೆಯಲ್ಲಿ ತಕ್ಕಡಿಯೂ ಹೋಯಿತು.

ತಕ್ಕಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದಿರಬಹುದು. 1972ರಲ್ಲಿ ನಮ್ಮ ಮಕ್ಕಳ ವೈದ್ಯರ ಸಂಘ ಒಪ್ಪಿಕೊಂಡ ತೂಕದ ಮಟ್ಟ ಹಾರ್ವರ್ಡಿನದು, ಎಂದರೆ ಅಮೆರಿಕದ ಬಾಸ್ಟನ್ ನಗರದ ಮಕ್ಕಳದು. ಅದು ನಮಗೆ ಸಲ್ಲದೆಂದು ವಾದಿಸಿದವರುಂಟು. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳ ಮಕ್ಕಳನ್ನು ಅಳೆದು ಹೊಸ ಮಟ್ಟವನ್ನು ಪ್ರಕಟಿಸಿತು. ಹೊಟ್ಟೆ ತುಂಬ ಉಂಡು ರೋಗವಿಲ್ಲದೆ ಬೆಳೆದರೆ ಎಲ್ಲ ದೇಶಗಳ ಕೂಸುಗಳೂ ಹೆಚ್ಚು ಕಡಿಮೆ ಒಂದೇ ರೀತಿ ಬೆಳೆಯುತ್ತವೆಂದು ಅದು ತೋರಿಸಿತು. ಭಾರತದ ಮಕ್ಕಳು ದಕ್ಷಿಣ ದೆಹಲಿಯ ಅನುಕೂಲಸ್ಥರ ಮನೆಗಳವರೆಂಬುದು ನಿಜ. ಆದರೂ ಹಾಡಿಯ ಕೂಸು ಸಣಕಲಾಗಿದ್ದರೆ ಅದು ಅವರ ಸಂಸ್ಕೃತಿಯೆಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. 1970ರ ದಶಕದಲ್ಲಿ ಕಬಿನಿಯ ಅಣೆಕಟ್ಟೆಗೆಂದೂ ವನ್ಯಜೀವಿಗಳಿಗೆಂದೂ ಕಾಡಿನಿಂದ ಹೊರಬಿದ್ದ ಮೇಲೆ ನೂರೆ ಗೆಣಸೂ ಜೇನೂ ಕೈತಪ್ಪಿದ್ದನ್ನು ತಕ್ಕಡಿ ಹೇಳುವಷ್ಟು ನೇರವಾಗಿ ಬೇರೆ ಯಾವುದೂ ಹೇಳಲಾರದು.

ಮನಸ್ಸಿನ ಅಳತೆಯ ಮಾತು ಬೇರೆ. ಹೆಗ್ಗಡದೇವನಕೋಟೆಯ ಕಡೆಯ ಹಾಡಿಯೊಂದರಲ್ಲಿ ಇಂಥ ಒಂದು ಪರಿಶೀಲನೆ ನಡೆಯುತ್ತಿದ್ದಾಗ ನಾನು ಅಲ್ಲಿದ್ದೆ. ಬಂದಿದ್ದ ಅಧಿಕಾರಿ ಸಜ್ಜನರೇ. ಗೋಡೆಯ ಪಟದಲ್ಲಿದ್ದ ಜೇನುಹುಳುವನ್ನು ತೋರಿಸಿ, ಇದೇನೆಂದು ನಾಲ್ಕು ವರ್ಷದ ಹುಡುಗಿಯನ್ನು ಕೇಳಿದರು. ಮಗು ಪಟವನ್ನೇ ನೋಡುತ್ತ ಸುಮ್ಮನೆ ನಿಂತಿತು. ಪುಸ್ತಕದಲ್ಲಿ ಏನೋ ಗುರುತು ಬಿತ್ತು. ಬಾಗಿಲ ಬಳಿ ಕುಳಿತಿದ್ದ ಅಜ್ಜಿ ನಕ್ಕು, "ಹೆಜ್ಜೇನೋ ತುಡುವೆಯೋ ಕೋಲುಜೇನೋ, ಬರೆದವರಿಗೇ ಗೊತ್ತಿಲ್ಲ, ಕೂಸು ಏನಂತ ಹೇಳದು ಸ್ವಾಮಿ?" ಎಂದಳು. ಆ ಮಾತನ್ನು ಬರೆದುಕೊಳ್ಳಲು ಪುಸ್ತಕದಲ್ಲಿ ಅಂಕಣವಿರಲಿಲ್ಲ.

ದಾರಿ ಇಲ್ಲವೆಂದಲ್ಲ. ಅದೇ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 1995ರಲ್ಲಿ ಆರಂಭವಾದ 'ನಲಿ ಕಲಿ'ಯನ್ನು ನೋಡಿ. ಉಪಾಧ್ಯಾಯರು ರಿಷಿ ವ್ಯಾಲಿಯ ಪದ್ಧತಿಯನ್ನು ಕಂಡು ಬಂದು, ಯುನಿಸೆಫಿನ ನೆರವಿನಿಂದ ಪರೀಕ್ಷೆಯ ಬದಲು ಕಲಿಕೆಯ ಏಣಿಯನ್ನು ಗೋಡೆಗೆ ಹಾಕಿದರು. ಮಗು ತನ್ನ ನಡೆಗೆ ತಕ್ಕಂತೆ ಮೆಟ್ಟಿಲೇರುತ್ತದೆ. ಜೇನಿನ ಕಾಲದಲ್ಲಿ ಹದಿನೈದು ದಿನ ಕಾಡಿಗೆ ಹೋಗಿ ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹೊರಡಬಹುದು. ಮಕ್ಕಳ ಬುದ್ಧಿಯನ್ನು ಕುರಿತು ನಮ್ಮಲ್ಲಿ ನಡೆದ ಎಷ್ಟೋ ವಿದ್ವತ್ತಿನ ಚರ್ಚೆಗಿಂತ ಈ ಏಣಿಯೇ ದೊಡ್ಡದೆಂದು ನಾನು ಎಣಿಸುತ್ತೇನೆ.

ನ್ಯೂಜಿಲೆಂಡಿನ ಮಾವೊರಿಗಳು 1982ರಲ್ಲಿ ಅಜ್ಜ ಅಜ್ಜಿಯರನ್ನೇ ಕೂರಿಸಿಕೊಂಡು 'ಕೊಹಂಗ ರೇಯೊ', ಎಂದರೆ ನುಡಿಯ ಗೂಡು, ಎಂಬ ಶಿಶುಶಾಲೆಗಳನ್ನು ಕಟ್ಟಿದರು. 2009ರಲ್ಲಿ ಅಲ್ಲಿಯ ಶಿಕ್ಷಣ ಇಲಾಖೆಯೇ ಮಾವೊರಿ ಶಿಶುಗಳ ಕಲಿಕೆಯನ್ನು ಮಾವೊರಿ ಕಣ್ಣಿನಿಂದ ನೋಡುವ ಕೈಪಿಡಿಯನ್ನು ಹೊರತಂದಿತು. ಅದರ ಹೆಸರು 'ತೆ ಫತು ಪೋಕೆಕ'. ನಾರಿನಿಂದ ನೇಯ್ದು, ಒಳಗೆ ಕಡಲಹಕ್ಕಿಯ ಗರಿಯಿಟ್ಟ ಕೂಸಿನ ಹೊದಿಕೆ ಅದು. ಮಗು ಬೆಳೆದ ಹಾಗೆ ಅದರ ಮೈಯ ಆಕಾರವನ್ನೇ ತಳೆಯುತ್ತದೆಯಂತೆ.

ನಮ್ಮಲ್ಲಿ 2021ರಿಂದ ಅಂಗನವಾಡಿ ಕಾರ್ಯಕರ್ತೆಯ ಕೈಗೆ 'ಪೋಷಣ್ ಟ್ರ್ಯಾಕರ್' ಬಂದಿದೆ. ಹಾಜರಿ, ತೂಕ, ಎತ್ತರ ಎಲ್ಲವೂ ಮೊಬೈಲಿನಲ್ಲಿ ದಾಖಲಾಗುತ್ತವೆ. ಆ ಹಾಡಿಯ ಅಜ್ಜಿ ಈಗಲೂ ಬಾಗಿಲ ಬಳಿ ಕೂರುತ್ತಾಳೆ; ಅವಳನ್ನು ಒಳಗೆ ಕರೆದು, ಈ ಕೂಸು ಏನೇನು ಬಲ್ಲದಮ್ಮ ಎಂದು ಕೇಳುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ.