ಒಡೆದ ಕೆರೆ, ಮತ್ತೆ ಕಟ್ಟಿದವರು

ಕೆ.ಜಿ.ಎಫ್. ಅಂದ್ರೆ ಎಲ್ಲರಿಗೂ ನೆನಪಾಗೋದು ಚಿನ್ನದ ಗಣಿ. ಹತ್ತಿರದಲ್ಲೇ ಪಾಲಾರ್ ದಂಡೆಯ ಬೇತಮಂಗಲಕ್ಕೆ ಹೋದರೆ ಇತಿಹಾಸ ಸಾವಿರ ವರ್ಷ ಹಿಂದಕ್ಕೆ ಸರಿಯುತ್ತದೆ. ವಿಜಯೇಂದ್ರಸ್ವಾಮಿ ದೇವಾಲಯ ನೋಡಲು ಬಂದವರು ಕೆರೆಯ ಕಡೆಗೂ ನಡೆಯಬೇಕು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟದಲ್ಲಿ ಇಲ್ಲಿನ ಶಾಸನಗಳನ್ನು ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ತಾಲ್ಲೂಕಿನಡಿ ಹುಡುಕಬೇಕು.

ಶಾಸನದಲ್ಲಿ ಊರಿನ ಹೆಸರು ವಿಜಯಾದಿತ್ಯಮಂಗಲ. ಅದು ಬಾಣ ದೊರೆ ವಿಜಯಾದಿತ್ಯನಿಂದ ಬಂದದ್ದು. ಒಡೆದಿದ್ದ ಕೆರೆಯನ್ನು 950ರ ಸುಮಾರಿಗೆ ಇರಿವ ನೊಳಂಬ ಕಟ್ಟಿಸಿದ. 12ನೇ ಶತಮಾನದಲ್ಲಿ ಮತ್ತೆ ಒಡೆದಾಗ ಹೊಯ್ಸಳ ದಂಡನಾಯಕ ಚೊಕ್ಕಿಮಯ್ಯ ದುರಸ್ತಿ ಮಾಡಿಸಿದ. ಮುಂದೆ ಗಣಿ ಪಟ್ಟಣಕ್ಕೆ ಕುಡಿಯುವ ನೀರು ಹೋದದ್ದೂ ಬೇತಮಂಗಲದಿಂದಲೇ.

ಇದಕ್ಕೊಂದು ದೂರದ ಹೋಲಿಕೆ ಇದೆ. ಜರ್ಮನಿಯ ವರ್ಮ್ಸ್ ನಗರದ ಯಹೂದಿ ಪ್ರಾರ್ಥನಾಮಂದಿರವನ್ನು ಯಾಕೋಬ್ ಬೆನ್ ದಾವಿದ್ ಮತ್ತು ಅವನ ಹೆಂಡತಿ ರಾಹೆಲ್ ಕಟ್ಟಿಸಿದರೆಂದು 1034ರ ಹೀಬ್ರೂ ಶಾಸನ ಹೇಳುತ್ತದೆ. 1938ರಲ್ಲಿ ನಾಜಿಗಳು ಅದಕ್ಕೆ ಬೆಂಕಿ ಇಟ್ಟರು. ಮತ್ತೆ ಕಟ್ಟಿದ ಮಂದಿರ 1961ರಲ್ಲಿ ತೆರೆಯಿತು. ಹಳೆಯ ಶಾಸನದ ಕಲ್ಲು ಇವತ್ತೂ ಅದರ ಗೋಡೆಯಲ್ಲಿದೆ.

ಒಂದನ್ನು ಒಡೆದದ್ದು ನೀರು, ಇನ್ನೊಂದನ್ನು ದ್ವೇಷ. ಎರಡೂ ಒಂದೇ ಅಂತ ಹೇಳೋಕಾಗಲ್ಲ. ಆದರೆ ಶಾಸನ ಓದುವಾಗ 'ಕಟ್ಟಿಸಿದ' ಅನ್ನೋದರ ಜೊತೆಗೆ 'ಮತ್ತೆ ಕಟ್ಟಿಸಿದ' ಅನ್ನೋದನ್ನೂ ಹುಡುಕಿ ನೋಡಿ. ಮೊದಲನೆಯದು ಕಟ್ಟಿಸಿದವರ ಶಕ್ತಿ ಹೇಳುತ್ತದೆ. ಊರು ಯಾಕೆ ಖಾಲಿಯಾಗಲಿಲ್ಲ ಅನ್ನೋದನ್ನ ಎರಡನೆಯದೇ ಹೇಳಬೇಕು.